ಟ್ರ್ಯಾಕ್ಟರ್ ಹಿಂದಕ್ಕೆ ಮನೆಯಲ್ಲೇ ಮಾಡಿದ ಕಾಂಕ್ರೀಟ್ ಭಾರ: ಮೂರು ವರ್ಷ ಬಳಸಿದ ಮೇಲೆ

ಶ್ರೀನಿವಾಸಪುರದ ಕಡೆ ನಮ್ಮದು ಮಾವಿನ ತೋಟ, ಜೊತೆಗೆ ಆರು ಹಸು. 45 ಎಚ್‌ಪಿ ಟ್ರ್ಯಾಕ್ಟರ್‌ಗೆ ಮುಂದೆ ಲೋಡರ್ ಹಾಕಿಸಿದ್ದೇವೆ. ತಿಪ್ಪೆ ಗೊಬ್ಬರ ತುಂಬುವುದು, ಬೇಸಿಗೆಯಲ್ಲಿ ಕೆರೆ ಗೋಡು ಎತ್ತುವುದು, ಸುಗ್ಗಿ ಮುಗಿದ ಮೇಲೆ ಕಡಿದ ಮಾವಿನ ಕೊಂಬೆ ಸಾಗಿಸುವುದು, ಎಲ್ಲಾ ಅದರಲ್ಲೇ. ಈ ಲೋಡರ್‌ಗೆ ಸರಿತೂಗಲಿ ಎಂದು 2022ರ ಏಪ್ರಿಲ್‌ನಲ್ಲಿ ಹಿಂದಿನ ತ್ರೀ ಪಾಯಿಂಟ್‌ಗೆ (ಉಪಕರಣ ಸಿಕ್ಕಿಸುವ ಮೂರು ಕೊಂಡಿ: ಕೆಳಗೆ ಎರಡು ಲೋವರ್ ಲಿಂಕ್, ಮೇಲೆ ಒಂದು ಟಾಪ್ ಲಿಂಕ್) ಕಟ್ಟುವ 560 ಕೆಜಿ ಭಾರವನ್ನು ನಾವೇ ಮಾಡಿಕೊಂಡೆವು. ಅದನ್ನು ಮಾಡಿದ ಬಗೆ, ಅದರಲ್ಲಿ ಸರಿಹೋಗಿದ್ದು, ಹೋಗದಿದ್ದದ್ದು ಎಲ್ಲ ಬರೆಯುತ್ತಿದ್ದೇನೆ.

ಇದನ್ನು ಮಾಡಲೇಬೇಕು ಅನ್ನಿಸಿದ್ದು ಕೆರೆ ಏರಿಯ ಮೇಲೆ. ಬಕೆಟ್ ತುಂಬ ಹಸಿ ಗೋಡು ಹೊತ್ತು ಏರಿಯಿಂದ ಗದ್ದೆ ಕಡೆಗೆ ಇಳಿಯುತ್ತಿದ್ದೆ. ಬ್ರೇಕ್ ಒತ್ತಿದೆ, ಗಾಡಿ ನಿಲ್ಲಲಿಲ್ಲ. ಹಿಂದಿನ ಚಕ್ರ ಎರಡೂ ಕಚ್ಚಿಕೊಂಡಿದ್ದವು, ಆದರೂ ಮಣ್ಣಿನ ಮೇಲೆ ಜಾರುತ್ತಲೇ ಹೋದವು. ಮುಂದೆ ಹತ್ತು ಹೆಜ್ಜೆ ದೂರದಲ್ಲಿ ತಮ್ಮ ನಡೆದು ಹೋಗುತ್ತಿದ್ದ. ಬಕೆಟ್ ಕೆಳಗಿಳಿಸಿ ನೆಲಕ್ಕೆ ಒತ್ತಿದ ಮೇಲೆ ನಿಂತಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟೂ ವೀಲ್ ಡ್ರೈವ್ ಟ್ರ್ಯಾಕ್ಟರ್‌ಗೆ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಅವು ಹಗುರಾದರೆ ಎಳೆಯುವ ಶಕ್ತಿಯೂ ಹೋಯಿತು, ನಿಲ್ಲಿಸುವ ಶಕ್ತಿಯೂ ಹೋಯಿತು. ಇದು ಗೊತ್ತಿದ್ದೂ ಅಲ್ಲಿಯವರೆಗೆ ನಾನು ಅದರ ಬಗ್ಗೆ ಯೋಚಿಸಿರಲಿಲ್ಲ.

ಮರುದಿನ ಟೇಪ್ ಹಿಡಿದು ಅಳೆದೆ. ನಮ್ಮ ಗಾಡಿಯಲ್ಲಿ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 1.95 ಮೀಟರ್. ಬಕೆಟ್‌ನ ನಡುಭಾಗ ಮುಂದಿನ ಆಕ್ಸಲ್‌ಗಿಂತ 1.3 ಮೀಟರ್ ಮುಂದೆ. ಬಕೆಟ್‌ನಲ್ಲಿ 500 ಕೆಜಿ ಇದ್ದರೆ 500 ಅನ್ನು 1.3ರಿಂದ ಗುಣಿಸಿ 1.95ರಿಂದ ಭಾಗಿಸಿ. ಸುಮಾರು 333 ಕೆಜಿ ಬರುತ್ತದೆ. ಅಷ್ಟು ತೂಕ ಹಿಂದಿನ ಚಕ್ರದಿಂದ ಎದ್ದು ಮುಂದಕ್ಕೆ ಹೋಗುತ್ತದೆ. ಅಂದರೆ ಮುಂದಿನ ಆಕ್ಸಲ್ ಹೆಚ್ಚಿಗೆ ಹೊರುವುದು 500 ಅಲ್ಲ, 833 ಕೆಜಿ. ಮುಂದಿನ ಹಬ್ ಬೇರಿಂಗ್ ಒಂದೇ ವರ್ಷದಲ್ಲಿ ಎರಡು ಸಲ ಹೋಗಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ತುಂಬಾ ಜನ ಹೇಳುವುದು, ಹಿಂದಿನ ಟೈರ್‌ಗೆ ನೀರು ತುಂಬಿಸಿ, ಸಾಕು ಅಂತ. ನೀರು ಒಳ್ಳೆಯದೇ, ನಮ್ಮಲ್ಲೂ ತುಂಬಿಸಿದ್ದೇವೆ. ಆದರೆ ಅದರ ತೂಕ ನೇರವಾಗಿ ಹಿಂದಿನ ಚಕ್ರದ ಮೂಲಕ ನೆಲಕ್ಕೆ ಹೋಗುತ್ತದೆ. ಹಿಂಭಾಗ ಏಳದಂತೆ ತಡೆಯುತ್ತದೆ, ಮುಂದಿನ ಆಕ್ಸಲ್‌ನ ಹೊರೆಯನ್ನು ಒಂದು ಕೆಜಿಯೂ ಇಳಿಸುವುದಿಲ್ಲ. ಚಕ್ರಕ್ಕೆ ಬೋಲ್ಟ್ ಮಾಡುವ ಬೀಡು ಕಬ್ಬಿಣದ ತೂಕವೂ ಹಾಗೇ. ಮುಂದಿನ ಹೊರೆ ಇಳಿಯಬೇಕಾದರೆ ಭಾರ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇರಬೇಕು. ತಕ್ಕಡಿಯ ಹಾಗೆ, ಎಷ್ಟು ಕೆಜಿ ಅನ್ನುವುದರ ಜೊತೆಗೆ ಎಷ್ಟು ದೂರ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ರೋಟವೇಟರ್ ಕಟ್ಟಿಕೊಂಡರೆ ಆಗಲ್ವಾ ಅಂತಲೂ ಕೇಳುತ್ತಾರೆ. ಆಗುತ್ತದೆ. ಭಾರ ಇಲ್ಲದೆ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಅದು ಅಗಲ. ಮಾವಿನ ಸಾಲಿನ ನಡುವೆ, ಕೊಟ್ಟಿಗೆ ಹಿಂದಿನ ತಿಪ್ಪೆ ಗುಂಡಿ ಹತ್ತಿರ ತಿರುಗಿಸುವಾಗ ಎಲ್ಲಾದರೂ ತಗುಲುತ್ತದೆ. ಸುಮ್ನೆ ಭಾರಕ್ಕಾಗಿ ಅಷ್ಟು ಬೆಲೆಯ ಉಪಕರಣವನ್ನು ಕುಲುಕಿಸಿಕೊಂಡು ಓಡಾಡಲು ನನಗೆ ಮನಸ್ಸಾಗಲಿಲ್ಲ.

ಮೊದಲು ಮಾಡಿದ್ದು ಡ್ರಮ್. 200 ಲೀಟರ್ ಡ್ರಮ್‌ಗೆ ಕಾಂಕ್ರೀಟ್ ತುಂಬಿದರೆ ಸುಮಾರು 480 ಕೆಜಿ ಆಗುತ್ತದೆ. ಹೊರಗಿನಿಂದ ಕಬ್ಬಿಣದ ಪಟ್ಟಿ ಸುತ್ತಿಸಿ, ಅದಕ್ಕೆ ಎರಡು ಪಕ್ಕ ಪಿನ್ ವೆಲ್ಡ್ ಮಾಡಿಸಿದೆ. ವೆಲ್ಡಿಂಗ್ ಅಂಗಡಿಯವರು ಆಗಲೇ ಹೇಳಿದ್ದರು: "ಅಣ್ಣಾ, ಪಿನ್ ಹೊರಗೆ ಅಂಟಿಸಿದರೆ ನಿಲ್ಲಲ್ಲ. ಒಳಗಿಂದ ಆಚೆ ಬದಿಗೆ ಒಂದೇ ರಾಡ್ ದಾಟಿಸಿ." ನಾನು ಕೇಳಲಿಲ್ಲ. ಎರಡೇ ತಿಂಗಳಲ್ಲಿ ಒಂದು ಪಕ್ಕದ ವೆಲ್ಡ್ ಬಿಟ್ಟುಕೊಂಡು ಡ್ರಮ್ ವಾಲಿತು. ಗಾಡಿ ನಿಂತಿತ್ತು, ಹತ್ತಿರ ಯಾರೂ ಇರಲಿಲ್ಲ.

ಈಗಿರುವುದು ಎರಡನೆಯದು. ಇದನ್ನು ಅವರ ಮಾತಿನಂತೆಯೇ ಮಾಡಿದೆವು. ಅಗಲ 70 ಸೆಂ.ಮೀ, ಎತ್ತರ 60, ಮುಂದಿನಿಂದ ಹಿಂದಕ್ಕೆ 50. ಗಟ್ಟಿ ಕಾಂಕ್ರೀಟ್ ಒಂದು ಘನ ಮೀಟರ್‌ಗೆ ಸುಮಾರು 2400 ಕೆಜಿ ತೂಗುತ್ತದೆ. ಆ ಲೆಕ್ಕದಲ್ಲಿ ಇದು 500 ಕೆಜಿ, ಕಬ್ಬಿಣ ಸೇರಿ 560. ಕೋಲಾರದ ಕಡೆ ಕಲ್ಲಿಗೆ ಬರವಿಲ್ಲ. ಒಂದೇ ಕಲ್ಲಿನ ದಿಮ್ಮಿಗೆ ತೂತು ಹೊಡೆಸಿದರೆ ಇನ್ನೂ ಚಿಕ್ಕದಾಗುತ್ತಿತ್ತು. ಆದರೆ ಪಿನ್ ತೂತಿನ ಹತ್ತಿರ ಕಲ್ಲು ಸೀಳಿದರೆ ಇಡೀ ಭಾರ ಒಂದೇ ಏಟಿಗೆ ಬೀಳುತ್ತದೆ. ಕಾಂಕ್ರೀಟ್ ಬಿರುಕು ಬಿಟ್ಟರೂ ಒಳಗಿನ ಕಂಬಿ ಹಿಡಿದುಕೊಂಡಿರುತ್ತದೆ.

ಅಗಲ 70ಕ್ಕೆ ನಿಲ್ಲಿಸಲು ಕಾರಣವಿದೆ. ಈ ಮೂರು ಕೊಂಡಿಗಳ ಅಳತೆಗೆ ಕೆಟಗರಿ ಅಂತ ದರ್ಜೆ ಇರುತ್ತದೆ, ನಮ್ಮ ಗಾಡಿಯದು ಕೆಟಗರಿ 2. ಕೆಳಗಿನ ಪಿನ್ 28 ಮಿ.ಮೀ, ಟಾಪ್ ಲಿಂಕ್ ಪಿನ್ 25 ಮಿ.ಮೀ, ಎರಡು ಲೋವರ್ ಲಿಂಕ್‌ಗಳ ನಡುವೆ 82.5 ಸೆಂ.ಮೀ. ಬ್ಲಾಕ್ 70 ಇದ್ದರೆ ಎರಡು ಪಕ್ಕವೂ ಆರು ಸೆಂ.ಮೀ ಮೇಲೆ ಜಾಗ ಉಳಿಯುತ್ತದೆ, ಲಿಂಕ್ ಉಜ್ಜುವುದಿಲ್ಲ. ಚಿಕ್ಕ ಗಾಡಿಗಳಲ್ಲಿ ಕೆಟಗರಿ 1 ಇರುತ್ತದೆ. ಅದರ ಕೆಳಗಿನ ಪಿನ್ 22, ಮೇಲಿನದು 19 ಮಿ.ಮೀ. ನಿಮ್ಮದನ್ನು ಅಳೆದೇ ಮಾಡಿಸಿ. ಡ್ರಮ್‌ಗೆ ನಾನು ಹಳೆ ಕಲ್ಟಿವೇಟರ್‌ನ 22ರ ಪಿನ್ ಹಾಕಿಸಿದ್ದೆ. ಅದು ಸಡಿಲವಾಗಿ ಕುಣಿದು ಲಿಂಕ್‌ನ ಬಾಲ್ ತೂತನ್ನೇ ಮೊಟ್ಟೆ ಆಕಾರಕ್ಕೆ ತಂದಿತ್ತು.

ಈ ಕೆಲಸದಲ್ಲಿ ನನಗೆ ಜಾಸ್ತಿ ಸಮಾಧಾನ ಕೊಟ್ಟಿರುವುದು ರಾಡ್ ಕೂರಿಸಿದ ರೀತಿ. ರಾಡನ್ನು ನೇರ ಕಾಂಕ್ರೀಟ್‌ನೊಳಗೆ ಹೂಳಲಿಲ್ಲ. ಮೊದಲು ದಪ್ಪ ಗೋಡೆಯ ಕಬ್ಬಿಣದ ಪೈಪ್ ಇಟ್ಟು, ಅದರ ಸುತ್ತ 10 ಮಿ.ಮೀ ಕಂಬಿಯ ಪಂಜರ ಕಟ್ಟಿ, ಪೈಪಿಗೆ ವೆಲ್ಡ್ ಮಾಡಿದೆವು. ಎರಕ ಗಟ್ಟಿಯಾದ ಮೇಲೆ ಪೈಪಿನೊಳಗೆ ಆ ರಾಡನ್ನು, ಅಂದರೆ ಶಾಫ್ಟನ್ನು ತೂರಿಸಿ ಎರಡು ಕಡೆಯೂ ಕಾಲರ್ ಹಾಕಿ ಲಾಕ್ ಮಾಡಿದೆವು. ಶಾಫ್ಟ್ ಸವೆದರೆ ಎಳೆದು ಬೇರೆ ಹಾಕಬಹುದು. ಪೈಪ್ ಇರುವುದು ಕೆಳಭಾಗದಲ್ಲಿ, ಮುಂದಿನ ಮುಖದಿಂದ 10 ಸೆಂ.ಮೀ ಒಳಗೆ. ಟಾಪ್ ಲಿಂಕ್‌ಗೆ 12 ಮಿ.ಮೀ ಪ್ಲೇಟ್ ಎರಡು. ಅದರ ಎತ್ತರವನ್ನು ನಮ್ಮ ಕಲ್ಟಿವೇಟರ್ ನೋಡಿಯೇ ಇಟ್ಟೆವು. ಭಾರ ಹಿಂದಕ್ಕೆ ವಾಲಲು ನೋಡುವುದರಿಂದ ಟಾಪ್ ಲಿಂಕ್ ಯಾವಾಗಲೂ ಎಳೆತದಲ್ಲಿರುತ್ತದೆ. ಹಾಗಾಗಿ ಈ ಪ್ಲೇಟ್‌ಗಳ ಕಾಲು ಪಂಜರದ ತಳದವರೆಗೆ ಇಳಿಯಲೇಬೇಕು.

ಗಾರೆ ಮೇಸ್ತ್ರಿ ಸೆಂಟ್ರಿಂಗ್ ಹಲಗೆ ತಂದು ಕಟ್ಟಿದರು. ಎರಡು ಚೀಲ ಸಿಮೆಂಟ್ ಸಾಕಾಯಿತು. ಹದಿನೈದು ದಿನ ಗೋಣಿಚೀಲ ಹೊದಿಸಿ ನೀರು ಹಾಕಿದೆವು. ಒಟ್ಟು ಖರ್ಚು ಸುಮಾರು 9 ಸಾವಿರ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಬ್ಬಿಣ ಮತ್ತು ವೆಲ್ಡಿಂಗ್‌ಗೇ ಹೋಯಿತು. ಎರಕ ಹೊಯ್ಯುವಾಗ ಮೂರು ಇಂಚಿನ ಪಿವಿಸಿ ಪೈಪ್ ಎರಡು ನೆಟ್ಟಗೆ ನಿಲ್ಲಿಸಿದ್ದೆ. ಈಗ ಹಾರೆ, ಸನಿಕೆ ಅದರಲ್ಲೇ ನಿಲ್ಲುತ್ತವೆ. ಪೈಪ್ ತಳದವರೆಗೂ ತೆರೆದಿರಲಿ, ಇಲ್ಲದಿದ್ದರೆ ಮಳೆ ನೀರು ನಿಲ್ಲುತ್ತದೆ.

ಮಾವಿನ ಮಂಡಿ ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ, ಬಕೆಟ್ ತುಂಬಿಕೊಂಡು, ಮುಂದಿನ ಚಕ್ರ ಮಾತ್ರ ತಟ್ಟೆ ಮೇಲೆ ಬರುವಂತೆ ನಿಲ್ಲಿಸಿ ತೂಗಿಸಿದೆ. ಬ್ಲಾಕ್ ಇಲ್ಲದೆ 2110 ಕೆಜಿ. ಬ್ಲಾಕ್ ಎತ್ತಿಕೊಂಡಾಗ 1820. ಅದರ ನಡುಭಾಗ ಹಿಂದಿನ ಆಕ್ಸಲ್‌ಗಿಂತ 1.05 ಮೀಟರ್ ಹಿಂದಿದೆ, ಲೆಕ್ಕದ ಪ್ರಕಾರ ಸುಮಾರು 300 ಕೆಜಿ ಇಳಿಯಬೇಕಿತ್ತು. 290 ಇಳಿದಿದೆ. ಆ ಚೀಟಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಓಡಿಸುವಾಗ ಮೊದಲು ಗೊತ್ತಾಗುವುದು ಸ್ಟೇರಿಂಗ್. ಬಕೆಟ್ ತುಂಬಿದ್ದರೂ ಒಂದು ಕೈಯಲ್ಲಿ ತಿರುಗುತ್ತದೆ. ಹಸಿ ಗೋಡಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಸುತ್ತುವುದು ಬಹಳ ಕಡಿಮೆಯಾಗಿದೆ. ಮೂರು ವರ್ಷದಲ್ಲಿ ಮುಂದಿನ ಹಬ್ ಬೇರಿಂಗ್ ಬದಲಿಸಿದ್ದು ಒಂದೇ ಸಲ. ಏರಿ ಇಳಿಯುವಾಗ ಬ್ರೇಕ್ ಹಿಡಿಯುತ್ತದೆ. ಆದರೂ ಈಗ ತುಂಬಿದ ಬಕೆಟ್‌ನೊಂದಿಗೆ ನಾನು ಇಳಿಜಾರು ಇಳಿಯುವುದು ರಿವರ್ಸ್‌ನಲ್ಲೇ. ಹೊರೆ ಯಾವಾಗಲೂ ಇಳಿಜಾರಿನ ಮೇಲ್ಬದಿಗೆ ಇರಬೇಕು.

ತೊಂದರೆಗಳೂ ಇವೆ. ಎರಡನೇ ವರ್ಷ ಟಾಪ್ ಲಿಂಕ್ ಪ್ಲೇಟ್‌ನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಂತು. ಇನ್ನೂ ದೊಡ್ಡದಾಗಿಲ್ಲ, ಪ್ರತಿ ಬೇಸಿಗೆ ನೋಡುತ್ತೇನೆ. ಅಂಚುಗಳಿಗೆ ಆಂಗಲ್ ಹಾಕಿಸಬೇಕಿತ್ತು, ಹಾಕಿಸಲಿಲ್ಲ. ಮೂರು ಮೂಲೆ ಒಡೆದು ಉದುರಿವೆ. ಕಟ್ಟುವುದಂತೂ ಕಷ್ಟ. ಕಲ್ಟಿವೇಟರ್ ಆದರೆ ಹಾರೆ ಹಾಕಿ ಎರಡು ಇಂಚು ಸರಿಸಬಹುದು, 560 ಕೆಜಿಯನ್ನು ಆಗಲ್ಲ. ಕೊಟ್ಟಿಗೆ ಪಕ್ಕ ಸಮತಟ್ಟಾದ ಒಂದು ಗಾರೆ ಹಾಸು ಮಾಡಿಕೊಂಡ ಮೇಲೆ ಒಬ್ಬನೇ ಕಟ್ಟಲು ಸಾಧ್ಯವಾಯಿತು. ತಳ ಅಗಲವಾಗಿರುವುದರಿಂದ ಬಿಚ್ಚಿಟ್ಟಾಗಲೂ ಉರುಳುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದು ಮುಖ್ಯ. ಡ್ರಮ್‌ನಲ್ಲಿ ಆ ಧೈರ್ಯ ಇರಲಿಲ್ಲ.

ಬಳಸುವವರು ಮರೆಯಬಾರದ ಒಂದೆರಡು ವಿಷಯ. ಲೋವರ್ ಲಿಂಕ್‌ನ ಚೈನ್ ಬಿಗಿಯಾಗಿರಲಿ, ಇಲ್ಲದಿದ್ದರೆ ಕೆರೆ ಅಂಗಳದ ಉಬ್ಬುತಗ್ಗಿನಲ್ಲಿ ಭಾರ ತೂಗಾಡಿ ಗಾಡಿಯನ್ನೇ ಪಕ್ಕಕ್ಕೆ ಎಳೆಯುತ್ತದೆ. ಹೈಡ್ರಾಲಿಕ್ ಪೊಸಿಷನ್ ಲಿವರ್‌ನಲ್ಲೇ (ಎತ್ತಿದ ಎತ್ತರದಲ್ಲೇ ಹಿಡಿದಿಡುವುದು) ಇರಲಿ, ಡ್ರಾಫ್ಟ್‌ನಲ್ಲಿ (ಎಳೆತಕ್ಕೆ ತಕ್ಕಂತೆ ತಾನೇ ಏರಿಳಿಸುವುದು) ಬೇಡ. ನೆಲದಿಂದ ಒಂದು ಅಡಿ ಎತ್ತಿದರೆ ಸಾಕು, ಮೇಲೆತ್ತಿದಷ್ಟೂ ಗಾಡಿ ಪಕ್ಕಕ್ಕೆ ಮಗುಚುವ ಭಯ ಜಾಸ್ತಿ. ಇಂಜಿನ್ ನಿಲ್ಲಿಸುವ ಮುಂಚೆ ಭಾರವನ್ನು ನೆಲಕ್ಕೆ ಇಳಿಸಿ. ಎತ್ತಿದ ಭಾರದ ಕೆಳಗೆ ಕೈ ಕಾಲು ಹಾಕುವುದು ಬೇಡವೇ ಬೇಡ. ಬ್ಲಾಕ್‌ಗೆ ಹಗ್ಗ, ಸರಪಳಿ ಕಟ್ಟಿ ಏನನ್ನೂ ಎಳೆಯಬೇಡಿ. ಡ್ರಾಬಾರ್‌ಗಿಂತ (ಟ್ರೇಲರ್ ಸಿಕ್ಕಿಸುವ ಹಿಂದಿನ ಕೆಳಪಟ್ಟಿ) ಎತ್ತರದಿಂದ ಎಳೆದರೆ ಟ್ರ್ಯಾಕ್ಟರ್ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ. ಪಕ್ಕದ ತೋಟದವರು ಮಾವಿನ ಬೊಡ್ಡೆ ಎಳೆಯಲು ಕೇಳಿದರು. ಕೊಡಲಿಲ್ಲ, ಅವರಿಗೆ ಬೇಜಾರಾದರೂ ಕೊಡಲಿಲ್ಲ.

ಗೋಡು ಎತ್ತುವ ಕೆಲಸ ಜಿಲ್ಲೆಯಲ್ಲಿ ಎಲ್ಲ ಕಡೆ ಮೊದಲಿನಂತಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ, ಆ ನೀರು ಹರಿದ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತಿರುತ್ತದೆ. ನಮ್ಮ ಕೆರೆ ಒಣಗುತ್ತದೆ, ಹಾಗಾಗಿ ನಮಗೆ ಕೆಲಸ ಇದೆ.

ಈ ಬೇಸಿಗೆಯಲ್ಲಿ ಶಾಫ್ಟ್ ಅಳೆದಾಗ ಎಡ ತುದಿ 28ರಿಂದ 27ಕ್ಕೆ ಇಳಿದಿತ್ತು. ಕಾಲರ್ ಬಿಚ್ಚಿ, ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು ಹಳೆಯದನ್ನು ಹೊರಗೆ ತೆಗೆದು, ಹೊಸದನ್ನು ತೂರಿಸಿದೆವು. ಬೆಳಗಿನ ಹಾಲು ಡೇರಿಗೆ ಹಾಕಿ ಬರುವಷ್ಟರಲ್ಲಿ ತಮ್ಮ ಅರ್ಧ ಕೆಲಸ ಮುಗಿಸಿದ್ದ.