ಝೊಟೆರೊ: ಪಿಎಚ್‌ಡಿಯ ಮೊದಲ ವಾರವೇ ಹಾಕಿಕೊಳ್ಳಿ, ನನ್ನ ಹಾಗೆ ಮೂರನೇ ವರ್ಷದಲ್ಲಲ್ಲ

ನನ್ನ ವಿಷಯ ಹಳೇ ಮೈಸೂರು ಸೀಮೆಯ ಕೆರೆಗಳು. ಕಾಲೇಜಿನಲ್ಲಿ ಪಾಠ ಮಾಡಿಕೊಂಡೇ ಪಿಎಚ್‌ಡಿ ಮಾಡಿದೆ. ಓದಿದ್ದರ ವಿವರ ಮೂರು ನೋಟ್‌ಬುಕ್‌ಗಳಲ್ಲಿ, ಒಂದಷ್ಟು ವಾಟ್ಸ್ಯಾಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡ ಫೋಟೋಗಳಲ್ಲಿ, ಇನ್ನೊಂದಷ್ಟು ಬಸ್ ಟಿಕೆಟ್ ಹಿಂದೆ ಇತ್ತು. ಎರಡನೇ ಅಧ್ಯಾಯ ಕೊಟ್ಟಾಗ ಗೈಡ್ ಒಂದು ಅಡಿಟಿಪ್ಪಣಿ ಮೇಲೆ ಬೆರಳಿಟ್ಟು "ಇದು ಯಾವ ಪುಟ?" ಎಂದರು. ಗೊತ್ತಿರಲಿಲ್ಲ. ಆ ಒಂದು ಸಂಖ್ಯೆಗಾಗಿ ಮತ್ತೆ ಲೈಬ್ರರಿಗೆ ಹೋಗಿ ಬರಲು ಇಡೀ ಶನಿವಾರ ಹೋಯಿತು. ಅವತ್ತು ರಾತ್ರಿ ಝೊಟೆರೊ ಹಾಕಿಕೊಂಡೆ.

ಗೊತ್ತಿಲ್ಲದವರಿಗೆ: ಇದು ಓದಿದ್ದನ್ನೆಲ್ಲ ಜೋಡಿಸಿಟ್ಟುಕೊಳ್ಳುವ ಸಾಫ್ಟ್‌ವೇರ್. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸದವರೇ ಶುರು ಮಾಡಿದ್ದು. ಪುಕ್ಕಟೆ. ಬ್ರೌಸರ್‌ನಲ್ಲಿ ಒಂದು ಬಟನ್ ಒತ್ತಿದರೆ ಲೇಖನದ ಹೆಸರು, ಲೇಖಕ, ವರ್ಷ ಎಲ್ಲ ತಾನೇ ಬಂದು ಕೂರುತ್ತದೆ. ವರ್ಡ್‌ನಲ್ಲಿ ಬರೆಯುವಾಗ ಬೇಕಾದ ಕಡೆ ಸೇರಿಸುತ್ತಾ ಹೋಗಿ, ಕೊನೆಗೆ ಗ್ರಂಥಸೂಚಿ ಅದೇ ಮಾಡಿಕೊಡುತ್ತದೆ. ಉಲ್ಲೇಖ ಬರೆಯಲು ಬೇರೆ ಬೇರೆ ಶೈಲಿಗಳಿವೆ, ನಮ್ಮ ಗೈಡ್ ಎಂಎಲ್‌ಎ ಶೈಲಿ ಬೇಡ, ಶಿಕಾಗೊ ಶೈಲಿ ಮಾಡಿ ಎಂದಾಗ ಕ್ಲಿಕ್ ಮಾಡಿ ಟೀ ಕುಡಿಯಲು ಹೋದೆ, ಬರುವಷ್ಟರಲ್ಲಿ ಇಡೀ ಅಧ್ಯಾಯ ಬದಲಾಗಿತ್ತು. ಅದೇ ಕೆಲಸವನ್ನು ಕೈಯಲ್ಲಿ ಮಾಡುತ್ತಿದ್ದ ಗೆಳೆಯನಿಗೆ ಹೇಳಲು ಹೋಗಲಿಲ್ಲ, ಸುಮ್ನೆ ಹೊಟ್ಟೆ ಉರಿಸೋದ್ಯಾಕೆ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಶಾಸನಗಳ ವಿಷಯದಲ್ಲಿ. ಶಾಸನಗಳನ್ನು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯಲ್ಲಿ ಬಿ.ಎಲ್. ರೈಸ್ ತಂದ ಹಳೇ ಸಂಪುಟಗಳಿವೆ, ಮೈಸೂರು ವಿಶ್ವವಿದ್ಯಾಲಯ ಆಮೇಲೆ ತಂದ ಪರಿಷ್ಕೃತ ಸಂಪುಟಗಳೂ ಇವೆ. ಸಂಪುಟಗಳ ವಿಂಗಡಣೆಯೇ ಬೇರೆ. ಹಾಗಾಗಿ ಒಂದೇ ಕೆರೆ ಕಲ್ಲಿಗೆ ಎರಡು ಕಡೆ ಎರಡು ನಂಬರ್. ನಾನು ಒಂದು ಶಾಸನವನ್ನು ಎರಡು ಎಂದು ಎಣಿಸಿ ಆಗಲೇ ಕೋಷ್ಟಕ ಮಾಡಿಟ್ಟಿದ್ದೆ! ಝೊಟೆರೊದಲ್ಲಿ ಎರಡನ್ನೂ ಬೇರೆ ಬೇರೆ ದಾಖಲಿಸಿ, ಒಂದಕ್ಕೊಂದು ಸಂಬಂಧ ಕಟ್ಟಿ, ಊರಿನ ಹೆಸರನ್ನು ಟ್ಯಾಗ್ ಮಾಡಿದೆ. ಊರಿನ ಹೆಸರು ಹೊಡೆದರೆ ಎರಡೂ ಒಟ್ಟಿಗೆ ಎದುರಿಗೆ ಬರುತ್ತವೆ. ಕೋಷ್ಟಕ ಚಿಕ್ಕದಾಯಿತು, ಆದರೆ ಸರಿಯಾಯಿತು.

ಪಿಡಿಎಫ್ ಅನ್ನು ಅದರೊಳಗೇ ಓದಿ ಬಣ್ಣ ಹಚ್ಚಬಹುದು, ಪುಟಸಂಖ್ಯೆ ಸಮೇತ ಉಳಿಯುತ್ತದೆ. ಬೇರೆಯವರ ಮಾತಿಗೆ ಹಳದಿ, ನನ್ನ ಯೋಚನೆಗೆ ಹಸಿರು ಎಂದು ನಿಯಮ ಮಾಡಿಕೊಂಡೆ. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧಕ್ಕೂ ಬೇರೆಯವರ ಬರಹಕ್ಕೂ ಹೋಲಿಕೆ ಶೇ. 10 ದಾಟಿದರೆ ತಿದ್ದಿ ಮತ್ತೆ ಕೊಡಬೇಕು. ನಾಲ್ಕು ವರ್ಷ ಹಿಂದೆ ಬರೆದುಕೊಂಡ ಸಾಲು ನಿಮ್ಮದೋ ಪುಸ್ತಕದ್ದೋ ಎಂದು ಯಾರಿಗೆ ನೆನಪಿರುತ್ತದೆ ಅಲ್ವಾ?

ಕೊರತೆಗಳೂ ಇವೆ. ಇಂಗ್ಲಿಷ್ ಪುಸ್ತಕವಾದರೆ ಐಎಸ್‌ಬಿಎನ್ ಹೊಡೆದರೆ ಸಾಕು, ಹಳೇ ಕನ್ನಡ ಪುಸ್ತಕಗಳಿಗೆ ಆ ನಂಬರೇ ಇರುವುದಿಲ್ಲ, ಕೂತು ಟೈಪ್ ಮಾಡಬೇಕು. ಅದೂ ಯೂನಿಕೋಡ್‌ನಲ್ಲಿ. ಹಳೇ ನುಡಿ ಫಾಂಟ್‌ನಲ್ಲಿ ಬರೆದಿದ್ದನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ. ಆನ್‌ಲೈನ್‌ನಲ್ಲಿ ಫೈಲ್ ಇಡಲು ಪುಕ್ಕಟೆ ಜಾಗ 300 ಎಂಬಿ ಮಾತ್ರ, ಸ್ಕ್ಯಾನ್ ಮಾಡಿದ ಗೆಜೆಟಿಯರ್ ನಾಲ್ಕು ಹಾಕಿದರೆ ಮುಗಿಯಿತು. ನಾನು ಪಿಡಿಎಫ್‌ಗಳನ್ನು ಲ್ಯಾಪ್‌ಟಾಪ್‌ನಲ್ಲೇ ಬಿಟ್ಟು ಹಾರ್ಡ್ ಡಿಸ್ಕ್‌ಗೆ ನಕಲು ಮಾಡುತ್ತಿದ್ದೆ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು, ನಮ್ಮಲ್ಲಿ ಕನ್ನಡ ಗ್ರಂಥಗಳು ಬೇರೆ, ಇಂಗ್ಲಿಷ್ ಗ್ರಂಥಗಳು ಬೇರೆ ಪಟ್ಟಿ ಕೇಳುತ್ತಾರೆ. ಇದು ಒಂದೇ ಪಟ್ಟಿ ಮಾಡುತ್ತದೆ. ಕೊನೆಯಲ್ಲಿ ಕೈಯಲ್ಲೇ ಬೇರೆ ಮಾಡಬೇಕು.

ಒಂದು ಎಚ್ಚರಿಕೆ. ಪುಟ ಜೋಡಿಸಲು ಡಿಟಿಪಿ ಅಂಗಡಿಗೆ ಫೈಲ್ ಕೊಟ್ಟೆ. ಅವರು ಎಲ್ಲವನ್ನೂ ಪೇಜ್‌ಮೇಕರ್‌ಗೆ ಸುರಿದು, ನನ್ನ ಪೆನ್‌ಡ್ರೈವ್‌ನಲ್ಲಿದ್ದ ವರ್ಡ್ ಫೈಲ್ ಮೇಲೇ ಬರೀ ಅಕ್ಷರವಿದ್ದ ಪ್ರತಿ ಸೇವ್ ಮಾಡಿಬಿಟ್ಟಿದ್ದರು. ಉಲ್ಲೇಖಗಳ ಕೊಂಡಿಯೆಲ್ಲ ಕಳಚಿತ್ತು. ಬೇರೆ ಪ್ರತಿ ಇಟ್ಟುಕೊಂಡಿರದಿದ್ದದ್ದು ನನ್ನ ತಪ್ಪೇ. ವೈವಾ ಆದ ಮೇಲೆ ಪರೀಕ್ಷಕರು ಹೇಳಿದ ತಿದ್ದುಪಡಿಗೆ ಎರಡು ರಾತ್ರಿ ಕೂತು ಅಡಿಟಿಪ್ಪಣಿಗಳ ನಂಬರನ್ನು ಬೆರಳಲ್ಲಿ ಎಣಿಸಿದೆ, ಮಗಳು ಪಕ್ಕದಲ್ಲಿ ಕೂತು ಜೋರಾಗಿ ಓದುತ್ತಿದ್ದಳು.

5ಕ್ಕೆ 4.5 ಅಂಕ. ಉಳಿದ ಅರ್ಧ, ಎರಡು ಪಟ್ಟಿ ಮಾಡಿಕೊಡುವ ದಿನ ಕೊಡುತ್ತೇನೆ.