ತಾನೇ ಸುತ್ತಿಕೊಳ್ಳುವ ಲೀಶ್ ಹಿಡಿದು ಹೊಲದ ದಾರಿಗೆ ಹೋಗಬೇಡಿ

ನಾಯಿಯನ್ನು ಬಯಲಿಗೆ, ಹೊಲದ ದಾರಿಗೆ ಕರೆದೊಯ್ಯುವವರು ದಯವಿಟ್ಟು ಇದನ್ನು ಓದಿ. ಪ್ಲಾಸ್ಟಿಕ್ ಹಿಡಿಯೊಳಗೆ ಸ್ಪ್ರಿಂಗ್ ಇದ್ದು, ತಾನೇ ಬಿಚ್ಚಿಕೊಂಡು ತಾನೇ ಸುತ್ತಿಕೊಳ್ಳುವ ಲೀಶ್‌ಗಳು ಬರುತ್ತವಲ್ಲ, ಅವು ಅಂಥ ಜಾಗಕ್ಕೆ ಖಂಡಿತ ಹೇಳಿ ಮಾಡಿಸಿದವಲ್ಲ. ನನ್ನ ಎಡಗೈ ಬೆರಳುಗಳ ಮೇಲೆ ಅದರ ಹುರಿ ಎಳೆದ ಗೆರೆ ಇನ್ನೂ ಮಾಸಿಲ್ಲ.

ನನ್ನದು ಐದು ಮೀಟರ್ ಉದ್ದದ್ದು. ನಮ್ಮ ನಾಯಿಯ ತೂಕವನ್ನು ತಡೆಯುತ್ತದೆ ಎಂದು ಪೊಟ್ಟಣದ ಮೇಲೆಯೇ ಅಚ್ಚು ಹಾಕಿದ್ದರು. ಬದುವಿನ ಮೇಲೆ ನಡೆಯುತ್ತಿದ್ದಾಗ ಪೊದೆಯಿಂದ ಮೊಲವೊಂದು ಎದ್ದು ಓಡಿತು. ನಾಯಿ ನನ್ನ ಮುಂದಿನಿಂದ ಅಡ್ಡಹಾಯ್ದು ಅದರ ಬೆನ್ನು ಹತ್ತಿತು. ಹಿಡಿಯ ಮೇಲಿನ ಬ್ರೇಕ್ ಗುಂಡಿ ಒತ್ತಿದೆ, ಬ್ರೇಕಿನ ಹಲ್ಲು ಕಚ್ಚಿಕೊಳ್ಳದೆ ಒಳಗೆ ಕರಕರ ಸದ್ದಾಯಿತೇ ಹೊರತು ಹುರಿ ನಿಲ್ಲಲಿಲ್ಲ. ಅದು ನನ್ನ ಎಡಗೈಯನ್ನು ಉಜ್ಜಿಕೊಂಡೇ ಹೋಯಿತು. ಚರ್ಮ ಸುಟ್ಟ ಹಾಗೆ ಎದ್ದು ಬಂತು. ಹುರಿ ಮುಗಿದ ಕ್ಷಣ ಬಿದ್ದ ಜಗ್ಗಿಗೆ ಹಿಡಿ ಬಲಗೈಯಿಂದ ಕಿತ್ತು ಹೋಯಿತು.

ನಿಜವಾದ ಅಪಾಯ ಶುರುವಾದದ್ದು ಅಲ್ಲಿಂದ. ಕೈಬಿಟ್ಟ ಕೂಡಲೇ ಸ್ಪ್ರಿಂಗ್ ಹುರಿಯನ್ನು ಸುತ್ತಿಕೊಳ್ಳತೊಡಗುತ್ತದೆ. ಆ ಗಟ್ಟಿ ಹಿಡಿ ಕಲ್ಲುಗಳ ಮೇಲೆ ಟಪಟಪ ಬಡಿಯುತ್ತ ನಾಯಿಯ ಹಿಂದೆಯೇ ಓಡಿ ಬರುತ್ತದೆ. ತನ್ನನ್ನು ಏನೋ ಅಟ್ಟಿಸಿಕೊಂಡು ಬರುತ್ತಿದೆ ಎಂದು ನಾಯಿ ಹೆದರಿತು. ಓಡಿದಷ್ಟೂ ಸದ್ದು ಹೆಚ್ಚು, ಸದ್ದು ಹೆಚ್ಚಿದಷ್ಟೂ ಓಟ. ಮೊಲ ಮರೆತೇ ಹೋಯಿತು, ನನ್ನ ಕೂಗೂ ಕಿವಿಗೆ ಬೀಳಲಿಲ್ಲ. ಕುರಿಮಂದೆಯನ್ನು ಚದುರಿಸಿ, ರಸ್ತೆ ದಾಟಿ, ಕೊನೆಗೆ ಮುಳ್ಳುಬೇಲಿಗೆ ಹಿಡಿ ಸಿಕ್ಕಿಹಾಕಿಕೊಂಡಿದ್ದರಿಂದ ಸಿಕ್ಕಿತು. ರಸ್ತೆಯಲ್ಲಿ ಆಗ ವಾಹನ ಇರಲಿಲ್ಲ ಎಂಬುದೊಂದೇ ಅದರ ಜೀವ ಉಳಿಸಿದ್ದು. ಎಷ್ಟೋ ಕಾಲ ಪ್ಲಾಸ್ಟಿಕ್ ಡಬ್ಬಿ ನೆಲಕ್ಕೆ ಬಿದ್ದರೂ ಅದು ನಡುಗುತ್ತಿತ್ತು.

ಇದು ಒಂದು ಕೆಟ್ಟ ಸರಕಿನ ಕಥೆ ಮಾತ್ರ ಎಂದುಕೊಳ್ಳಬೇಡಿ. ಕೊಂಡಿ ಮುರಿದು ಮುಖಕ್ಕೆ ಚಿಮ್ಮುತ್ತದೆ ಎಂಬ ಕಾರಣಕ್ಕೆ 2008ರಲ್ಲಿ ಅಮೆರಿಕದಲ್ಲಿ ಇಂಥ ಎರಡು ಲಕ್ಷಕ್ಕೂ ಹೆಚ್ಚು ಲೀಶ್‌ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಗಿತ್ತು. ಹುರಿ ಸುತ್ತಿಕೊಂಡು ಬೆರಳೇ ತುಂಡಾದವರೂ ಇದ್ದಾರೆ. ಮಣ್ಣು, ನೀರು ಒಳಗೆ ಹೋದರೆ ಬ್ರೇಕ್ ಹಿಡಿಯುವುದಿಲ್ಲ, ಮತ್ತು ಹೊಲದಲ್ಲಿ ಇರುವುದೇ ಮಣ್ಣು, ನೀರು. ಸಾಲದ್ದಕ್ಕೆ, ಎಳೆದರೆ ಹಗ್ಗ ಉದ್ದವಾಗುತ್ತದೆ ಎಂಬ ಪಾಠವನ್ನು ಅದು ನಾಯಿಗೆ ದಿನವೂ ಹೇಳಿಕೊಡುತ್ತದೆ.

ಈಗ ನನ್ನ ಬಳಿ ಎರಡು ಸಾದಾ ಲೀಶ್‌ಗಳಿವೆ. ದಾರಿಗೆ, ದನಕುರಿ ಇರುವ ಕಡೆಗೆ ಎರಡು ಮೀಟರಿನ ಚಪ್ಪಟೆ ಪಟ್ಟಿ. ಯಾರೂ ಇಲ್ಲದ ಬಯಲಿಗೆ ಹತ್ತು ಮೀಟರಿನ ಉದ್ದ ಹಗ್ಗ. ಹತ್ತಿಯದು ಕೈಗೆ ಹಿತ, ಆದರೆ ಇಬ್ಬನಿಯಲ್ಲಿ ನೆನೆದರೆ ಭಾರ. ನೈಲಾನ್ ಹಗುರ, ಆದರೆ ಜಾರಿದರೆ ಅಂಗೈ ಸುಡುತ್ತದೆ. ಮೇಲೆ ಪ್ಲಾಸ್ಟಿಕ್ ಲೇಪವಿರುವ ಬಯೋಥೇನ್ ಪಟ್ಟಿ ನೀರು ಹೀರುವುದಿಲ್ಲ, ಕೆಸರು ಒರೆಸಿದರೆ ಹೋಗುತ್ತದೆ, ಮುಳ್ಳಿನ ಕಾಯಿಗಳು ಅಂಟುವುದಿಲ್ಲ; ಬೆಲೆ ಹೆಚ್ಚಾದರೂ ನಾನು ಅದನ್ನೇ ಹೇಳುತ್ತೇನೆ.

ಉದ್ದ ಹಗ್ಗವನ್ನು ಕೊರಳಪಟ್ಟಿಗೆ ಎಂದೂ ಹಾಕಬೇಡಿ. ಓಡುವ ನಾಯಿ ಹಗ್ಗದ ತುದಿ ಮುಟ್ಟಿದಾಗ ಬೀಳುವ ಜಗ್ಗು ನೇರ ಗಂಟಲಿಗೆ, ಕತ್ತಿನ ಮೂಳೆಗೆ. ಎದೆಯನ್ನು ಸುತ್ತುವ ಪಟ್ಟಿ, ಅಂದರೆ ಹಾರ್ನೆಸ್ ತೊಡಿಸಿ, ಬೆನ್ನಿನ ಮೇಲಿನ ಬಳೆಗೆ ಸಿಕ್ಕಿಸಿ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳದೆ, ಅಂಗೈಯಲ್ಲಿ ಮಡಿಕೆ ಮಡಿಕೆಯಾಗಿ ಹಿಡಿಯಿರಿ. ಕೊಳ್ಳುವ ಮುನ್ನ ಕೊಂಡಿಯ ನಾಲಿಗೆಯನ್ನು ಹೆಬ್ಬೆರಳಿನಿಂದ ನಾಲ್ಕಾರು ಸಲ ಒತ್ತಿ ನೋಡಿ: ಬಿಟ್ಟ ಕೂಡಲೇ ಪೂರ್ತಿ ಮುಚ್ಚದಿದ್ದರೆ ಅಲ್ಲಿಯೇ ಇಟ್ಟು ಬನ್ನಿ. ಕೊಂಡಿಯ ಬುಡದ ಹೊಲಿಗೆಯನ್ನು ಆಗಾಗ ನೋಡುತ್ತಿರಿ. ನೂಲು ಸವೆಯುವುದು ಅಲ್ಲಿಂದಲೇ.

ಇನ್ನೊಂದು ಮಾತು. ಕರುವಿರುವ ಹಸುಗಳು ನಾಯಿಯನ್ನು ಕಂಡು ಮೈಮೇಲೆ ಬಂದರೆ ಯಾವ ಒಳ್ಳೆಯ ಲೀಶ್ ಆದರೂ ಕೈಬಿಟ್ಟುಬಿಡಿ. ಅವುಗಳ ಸಿಟ್ಟು ನಾಯಿಯ ಮೇಲೆ, ಅದು ಓಡಿ ತಪ್ಪಿಸಿಕೊಳ್ಳಬಲ್ಲದು, ನೀವು ಆಗ ಬೇಲಿಯ ಕಡೆ ಸರಿಯಬಹುದು.