ಟೆಲಿ ಮಾನಸ್ 14416: ನರ್ಸ್, ಆಶಾಗಳಿಗೆ ಎಷ್ಟು ಉಪಯೋಗ?

ಕಾರವಾರ, ಶಿರಸಿ ಕಡೆಯ ನರ್ಸ್‌ಗಳಿಗೂ ಆಶಾ ಕಾರ್ಯಕರ್ತೆಯರಿಗೂ ಮನಸ್ಸು ಕುಸಿದಾಗ ಮೊದಲು ತಟ್ಟುವ ಬಾಗಿಲಾಗಿ ಟೆಲಿ ಮಾನಸ್ಸನ್ನು ಧೈರ್ಯವಾಗಿ ಹೇಳಬಹುದು. 2022ರ ಅಕ್ಟೋಬರ್ 10ರಂದು ಶುರುವಾದ, ಫೋನಿನಲ್ಲೇ ಮಾನಸಿಕ ನೆರವು ಕೊಡುವ ಸರ್ಕಾರಿ ಸೇವೆ. 14416ಕ್ಕೆ ಕರೆ ಮಾಡಿ, ಕನ್ನಡ ಆರಿಸಿ. ಪೂರ್ತಿ ಉಚಿತ, ನಡುರಾತ್ರಿಯೂ ಸಿಗುತ್ತದೆ. ನೈಟ್ ಡ್ಯೂಟಿಯವರಿಗೆ ಅದೇ ದೊಡ್ಡದು. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ.

"ನಿದ್ದೆ ಬರ್ತಾ ಇಲ್ಲ, ಅಷ್ಟೇ" ಅಂದುಬಿಟ್ಟರೆ ಮಾತ್ರ ಕರೆ ದಂಡ. ಎಷ್ಟು ರಾತ್ರಿಯಿಂದ, ಊಟ ಸೇರುತ್ತದೆಯೇ, ಸಾಯುವ ಯೋಚನೆ ಬಂದಿದೆಯೇ, ಎಲ್ಲ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿದ್ದೆಗೆಂದು ನೀವೇ ಆಲ್ಪ್ರಜೋಲಾಮ್ ಮಾತ್ರೆ ನುಂಗುತ್ತಿದ್ದರೆ ಅದನ್ನಂತೂ ಮುಚ್ಚಿಡಬೇಡಿ: ವಾರಗಟ್ಟಲೆ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ನಡುಕ ಹುಟ್ಟುತ್ತದೆ, ಫಿಟ್ಸ್ ಕೂಡ ಬರಬಹುದು. ಅರ್ಧ ಗಂಟೆ ಬಿಡುವು ಇಟ್ಟುಕೊಳ್ಳಿ. ಘಟ್ಟದ ಬಸ್ಸಿನಲ್ಲಿ ಕೂತು ಮಾಡುವ ಕರೆಯಲ್ಲ ಇದು. ಅಳು ಬರುವ ಹೊತ್ತಿಗೇ ಸಿಗ್ನಲ್ ಹೋಗುತ್ತದೆ.

ಕೊರತೆ ಒಂದಿದೆ. ಫೋನು ಡ್ಯೂಟಿ ಪಟ್ಟಿ ಬದಲಿಸದು, ಪಕ್ಕದಲ್ಲಿ ಕೂರದು. ಸಾಂಕ್ರಾಮಿಕದಲ್ಲಿ ಇವೆರಡೇ ಮುಖ್ಯ. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ 2015ರ ನವೆಂಬರ್ ಹೊತ್ತಿಗೆ 881 ಆರೋಗ್ಯ ಸಿಬ್ಬಂದಿಗೆ ಎಬೋಲಾ ತಗುಲಿ 513 ಮಂದಿ ತೀರಿಕೊಂಡಿದ್ದರು. ನಿನ್ನೆ ಬೆನ್ನ ಹಿಂದೆ ಗೌನಿನ ದಾರ ಕಟ್ಟಿಕೊಟ್ಟವಳು ಇವತ್ತು ಅದೇ ವಾರ್ಡಿನ ರೋಗಿ ಎಂದರೆ, ಬರೀ ಸುಸ್ತಿನ ಮಾತಲ್ಲ ಅದು. ಸಿದ್ದಾಪುರದ ಕಾಡಂಚಿನಲ್ಲಿ ಮಂಗನ ಕಾಯಿಲೆ ಹರಡುವ ಉಣುಗು ಕಚ್ಚದಿರಲೆಂದು ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುವ ಆಶಾಗೂ ಉಣುಗಿನ ಭಯ ಇದ್ದೇ ಇದೆ.

ಈ ಕೊರತೆ ತುಂಬುವ ದಾರಿ ಜಿಂಬಾಬ್ವೆಯಲ್ಲಿದೆ. ಅಲ್ಲಿನ ಫ್ರೆಂಡ್‌ಶಿಪ್ ಬೆಂಚ್ 2006ರಲ್ಲಿ ಹರಾರೆಯಲ್ಲಿ ಶುರುವಾದದ್ದು. ತರಬೇತಿ ಪಡೆದ ಅಜ್ಜಿಯರು ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಾರೆ. ಕಾಯಿಲೆಯ ಇಂಗ್ಲಿಷ್ ಹೆಸರಿನ ಬದಲು ಶೋನಾ ಭಾಷೆಯ "ಕುಫುಂಗಿಸಿಸಾ", ಅಂದರೆ ಅತಿಯಾದ ಯೋಚನೆ, ಎನ್ನುತ್ತಾರೆ. ಬಂದವರು ಕಷ್ಟಗಳಲ್ಲಿ ಒಂದನ್ನೇ ಆರಿಸಿ, ಮುಂದಿನ ಭೇಟಿಯೊಳಗೆ ಮಾಡಬಹುದಾದ ಒಂದು ಹೆಜ್ಜೆ ಗೊತ್ತುಮಾಡಿಕೊಳ್ಳುತ್ತಾರೆ. ನಮ್ಮಲ್ಲೂ ಕರೆ ಮುಗಿದ ಮೇಲೆ ನಂಬುಗೆಯ ಸಹೋದ್ಯೋಗಿಯೊಡನೆ ಹೀಗೆ ಕೂರಬಹುದು: ಸಾಲು ನೈಟ್ ಡ್ಯೂಟಿಯೇ ಕಷ್ಟವಾದರೆ, ಈ ವಾರ ಅದೊಂದನ್ನೇ ಮೇಲಿನವರಿಗೆ ಬರೆದುಕೊಡುವುದು.

ಎದುರಾಎದುರು ವೈದ್ಯರೇ ಬೇಕೆಂದರೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ; ಆ ವಾರ ಬರುತ್ತಾರೆಯೇ ಎಂದು ಕೇಳಿಕೊಂಡೇ ಹೊರಡಿ. ಜೀವ ತೆಗೆದುಕೊಳ್ಳುವ ಯೋಚನೆ ಗಟ್ಟಿಯಾಗಿದ್ದರೆ ಮಂಗಳವಾರ ಕಾಯಬೇಡಿ, ಒಬ್ಬರನ್ನು ಜೊತೆಗೆ ಕರೆದುಕೊಂಡು ಆಗಲೇ ತುರ್ತು ವಿಭಾಗಕ್ಕೆ ಹೋಗಿ.